ಕಡತದಿಂದ ಕಂಪ್ಯೂಟರಿಗೆ: ಬಲ್ಲವರು ಮತ್ತು ಬಳಸುವವರು
(ಬಿಳಿಚೋಡು ಹೋಬಳಿಯನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ಅವಲೋಕನ)

1. ಪೀಠಿಕೆ

ಕಂಪ್ಯೂಟರನ್ನು ಬಲ್ಲವರು ಮತ್ತು ಅದನ್ನು ನಿತ್ಯದ ಅಗತ್ಯಕ್ಕಷ್ಟೇ ಬಳಸುವವರು ಎಂಬ ಎರಡು ವರ್ಗಗಳು ನಮ್ಮ ಕಣ್ಣೆದುರಿನಲ್ಲೇ ರೂಪುಗೊಂಡಿವೆ. ಈ ಅಂತರದ ಚರ್ಚೆಯು 1990ರ ದಶಕದ ಅಮೆರಿಕದಲ್ಲಿ 'ಡಿಜಿಟಲ್ ಡಿವೈಡ್' ಎಂಬ ಹೆಸರು ಪಡೆಯಿತು. ಯಂತ್ರ ಯಾರ ಮನೆಯಲ್ಲಿದೆ, ಯಾರ ಮನೆಯಲ್ಲಿಲ್ಲ ಎಂಬುದು ಆ ಚರ್ಚೆಯ ಮೊದಲ ಪ್ರಶ್ನೆಯಾಗಿತ್ತು. ಕರ್ನಾಟಕದ ಸಂದರ್ಭದಲ್ಲಿ ಈ ಪ್ರಶ್ನೆ ಮಾತ್ರವೇ ಸಾಲದು. ಇಲ್ಲಿ ಮನೆಯಲ್ಲಿ ಕಂಪ್ಯೂಟರಿಲ್ಲದ, ಅದನ್ನು ಎಂದೂ ಮುಟ್ಟದ ಕೃಷಿಕನೂ ಕಂಪ್ಯೂಟರಿನ ಬಳಕೆದಾರನೇ ಆಗಿದ್ದಾನೆ. ಅವನ ಹೊಲ, ಸಾಲ, ಪಡಿತರ, ಮಗಳ ಜಾತಿ ಪ್ರಮಾಣಪತ್ರ, ಬರ ಪರಿಹಾರ ಎಲ್ಲವೂ ಯಂತ್ರದೊಳಗಿವೆ. ಅವನು ಯಂತ್ರವನ್ನು ಬಳಸುವುದು ಇನ್ನೊಬ್ಬರ ಕೈಯಿಂದ. ಹೀಗೆ ಪರಹಸ್ತದ ಮೂಲಕ ನಡೆಯುವ ಬಳಕೆಯನ್ನು ಅರಿಯಲು ನಗರಕೇಂದ್ರಿತ ಪರಿಭಾಷೆಗಳು ಹೆಚ್ಚಿನ ನೆರವು ನೀಡಲಾರವು.

ಪ್ರಸ್ತುತ ಲೇಖನದಲ್ಲಿ ಈ ಅಂತರವನ್ನು ಗ್ರಾಮೀಣ ದಾಖಲೆಗಳ ಚರಿತ್ರೆಯ ಹಿನ್ನೆಲೆಯಲ್ಲಿಟ್ಟು ನೋಡಲು ಯತ್ನಿಸಲಾಗಿದೆ. ಅಧ್ಯಯನದ ನೆಲೆಯಾಗಿ ಬಿಳಿಚೋಡನ್ನು ಆರಿಸಿಕೊಳ್ಳಲಾಗಿದೆ. ಬಿಳಿಚೋಡು ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ. ಕಸಬಾ ಮತ್ತು ಸೊಕ್ಕೆ ಈ ತಾಲ್ಲೂಕಿನ ಉಳಿದೆರಡು ಹೋಬಳಿಗಳು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಇದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮಳೆಯನ್ನೇ ನೆಚ್ಚಿದ ಬಯಲುಸೀಮೆ, ಮೆಕ್ಕೆಜೋಳ, ಶೇಂಗಾ, ರಾಗಿ, ಜೋಳಗಳ ಒಣಬೇಸಾಯ, ಮತ್ತೆ ಮತ್ತೆ ಎರಗುವ ಬರ ಇಲ್ಲಿನ ಬದುಕನ್ನು ರೂಪಿಸಿವೆ. ಬರದ ನಾಡಿನಲ್ಲಿ ಭೂದಾಖಲೆಗೆ ಹೆಚ್ಚಿನ ಬೆಲೆಯಿದೆ. ಬೆಳೆ ಕೈಕೊಟ್ಟ ವರ್ಷ ಸರ್ಕಾರದ ನೆರವು ತಲುಪುವುದು ಹೊಲವನ್ನು ನೋಡಿಯಲ್ಲ, ಹೊಲದ ದಾಖಲೆಯನ್ನು ನೋಡಿ. ಆದುದರಿಂದ ದಾಖಲೆಯನ್ನು ಯಾರು ಓದಬಲ್ಲರು, ಯಾರು ತಿದ್ದಿಸಬಲ್ಲರು ಎಂಬುದು ಈ ಭಾಗದಲ್ಲಿ ಹೊಟ್ಟೆಪಾಡಿನ ಪ್ರಶ್ನೆಯಾಗಿದೆ.

2. ಬರಹದ ಒಡೆತನ: ಶಾನುಭೋಗನ ಕಡತ

ಹನ್ನೆರಡು ಆಯಗಾರರ ವ್ಯವಸ್ಥೆಯಲ್ಲಿ ಶಾನುಭೋಗನ ಸ್ಥಾನ ವಿಶಿಷ್ಟವಾದುದು. ಗೌಡನಿಗೆ ಅಧಿಕಾರವಿತ್ತು, ಶಾನುಭೋಗನಿಗೆ ಅಕ್ಷರವಿತ್ತು. ವಂಶಪಾರಂಪರ್ಯವಾಗಿ ಬಂದ, ಬಹುಮಟ್ಟಿಗೆ ಬ್ರಾಹ್ಮಣ ಮನೆತನಗಳಲ್ಲಿ ಉಳಿದ ಈ ವೃತ್ತಿಯ ಮುಖ್ಯ ಸಾಧನವೆಂದರೆ ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವದು. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲು ಬರುತ್ತಿದ್ದುದು ಕಡತದ ಅನುಕೂಲ. ಅದೇ ಅದರ ಅಪಾಯವೂ ಆಗಿತ್ತು.

ಕಡತದ ಲಿಪಿ ಸಾಮಾನ್ಯವಾಗಿ ಮೋಡಿಯದು. ಲೇಖನಿಯನ್ನು ಎತ್ತದೆ ಅಕ್ಷರಗಳನ್ನು ಕೂಡಿಸಿ ಓಟದಲ್ಲಿ ಬರೆಯುವ ಈ ಬರಹವನ್ನು ಶಾಲೆಯ ಅಕ್ಷರ ಕಲಿತವರು ಕೂಡ ಸುಲಭವಾಗಿ ಓದಲಾರರು. ಕನ್ನಡದಲ್ಲಿ 'ಮೋಡಿ' ಎಂಬ ಪದಕ್ಕೆ ಮಾಟ, ಮಾಯೆ, ಇಂದ್ರಜಾಲದ ಆಟ ಎಂಬ ಅರ್ಥಗಳೂ ಇವೆ. ಇಲ್ಲಿ ಎರಡು ಪದಗಳ ವ್ಯುತ್ಪತ್ತಿ ಒಂದೇ ಎಂದು ವಾದಿಸುತ್ತಿಲ್ಲ. ಆದರೆ ಓದಲಾಗದವನ ದೃಷ್ಟಿಯಲ್ಲಿ ಬರಹವೂ ಮಾಟವೂ ಒಂದೇ ಹೆಸರಿನಡಿ ನಿಂತದ್ದು ಗಮನಾರ್ಹ. ತನ್ನ ಹೊಲದ ಕಂದಾಯ ಎಷ್ಟು, ಕಟ್ಟಿದ್ದೆಷ್ಟು, ಬಾಕಿಯೆಷ್ಟು ಎಂಬುದನ್ನು ಕೃಷಿಕನು ಶಾನುಭೋಗನ ಬಾಯಿಂದಲೇ ಕೇಳಬೇಕಾಗಿತ್ತು. ಹೇಳಿದ್ದು ಸರಿಯೇ ಎಂದು ತಾಳೆ ನೋಡುವ ಸಾಧನ ಅವನಲ್ಲಿರಲಿಲ್ಲ. 'ಬಲ್ಲವರು' ಮತ್ತು 'ಬಳಸುವವರು' ಎಂಬ ವಿಭಜನೆಯ ಮೊದಲ ರೂಪವನ್ನು ನಾವು ಇಲ್ಲಿಯೇ ಕಾಣಬಹುದು. ಕಂಪ್ಯೂಟರು ಈ ವಿಭಜನೆಯನ್ನು ಹುಟ್ಟುಹಾಕಲಿಲ್ಲ. ಮೊದಲೇ ಇದ್ದ ವಿಭಜನೆಯ ಒಳಗೆ ಅದು ಬಂದು ಕುಳಿತಿತು.

3. ಎಲ್ಲೆಯ ಅರಿವು: ಕುಳವಾಡಿಯ ಸಾಕ್ಷ್ಯ

ಹಾಗೆಂದು ಗ್ರಾಮದ ಭೂಜ್ಞಾನವೆಲ್ಲ ಶಾನುಭೋಗನ ಕಡತದಲ್ಲೇ ಇತ್ತೆಂದು ಭಾವಿಸುವಂತಿಲ್ಲ. ಹೊಲದ ಅಳತೆ ಕಡತದಲ್ಲಿದ್ದರೆ ಹೊಲದ ಎಲ್ಲೆ ಇನ್ನೊಬ್ಬರ ನೆನಪಿನಲ್ಲಿತ್ತು. ಮೈಸೂರು ಸೀಮೆಯ ಹೊಲೆಯ ಸಮುದಾಯವನ್ನು ಕುರಿತು 1873ರಲ್ಲಿ ಬರೆದ ಜೆ.ಎಸ್.ಎಫ್. ಮೆಕೆಂಜಿ ಎಂಬ ಅಧಿಕಾರಿ, ಊರಿನ ಎಲ್ಲೆಯ ವ್ಯಾಜ್ಯಗಳಲ್ಲಿ ಕುಳವಾಡಿಯ ಮಾತೇ ಅಂತಿಮವೆಂಬುದನ್ನು ದಾಖಲಿಸಿದ್ದಾನೆ. ಕುಳವಾಡಿಯು ಊರ ಮಣ್ಣಿನ ಉಂಡೆಯನ್ನು ಮಾಡಿ, ಅದರ ನಡುವೆ ನೀರನ್ನಿಟ್ಟು, ತಲೆಯ ಮೇಲೆ ಹೊತ್ತು ಎಲ್ಲೆಯ ಗುಂಟ ನಡೆಯಬೇಕು. ಸರಿಯಾದ ಎಲ್ಲೆಯಲ್ಲಿ ನಡೆದರೆ ಉಂಡೆ ಉಳಿಯುತ್ತದೆ. ಗೊತ್ತಿಲ್ಲದೆ ಎಲ್ಲೆ ಮೀರಿದರೂ ಅದು ತಾನಾಗಿಯೇ ಒಡೆಯುತ್ತದೆ, ಕುಳವಾಡಿಯ ಮನೆ ಹಾಳಾಗುತ್ತದೆ ಎಂಬುದು ನಂಬಿಕೆ.

ಈ ಆಚರಣೆಯನ್ನು ಹಳೆಯ ಕಾಲದ ಸೊಗಸೆಂದು ವೈಭವೀಕರಿಸುವ ಅಗತ್ಯವಿಲ್ಲ. ಊರ ಹೊರಗೆ ಇರಿಸಲ್ಪಟ್ಟವನಿಗೆ ಊರಿನ ಎಲ್ಲೆಯ ಹೊಣೆಯನ್ನು ಹೊರಿಸಿ, ತಪ್ಪಿದರೆ ಸಾವಿನ ಭಯವನ್ನೂ ಅವನ ತಲೆಗೇ ಕಟ್ಟಿದ ವ್ಯವಸ್ಥೆಯಿದು. ಆದರೂ ಜ್ಞಾನದ ಚರಿತ್ರೆಯ ದೃಷ್ಟಿಯಿಂದ ಒಂದು ಅಂಶ ಮುಖ್ಯ. ಅಕ್ಷರವಿಲ್ಲದ, ಅಧಿಕಾರವಿಲ್ಲದ ವ್ಯಕ್ತಿಯ ಅರಿವಿಗೆ ಇಲ್ಲಿ ಸಾಕ್ಷ್ಯದ ಮಾನ್ಯತೆಯಿತ್ತು. ಶಾನುಭೋಗನ ಲೆಕ್ಕವೂ ಕುಳವಾಡಿಯ ನಡಿಗೆಯೂ ಪರಸ್ಪರ ಬೇಕಾಗಿದ್ದವು. ಎರಡನೆಯದು ಜನರ ಕಣ್ಣೆದುರಿಗೆ, ಹಗಲು ಬೆಳಕಿನಲ್ಲಿ ನಡೆಯುತ್ತಿತ್ತು.

ಕೃಷಿಕನಿಗೂ ತನ್ನದೇ ಆದ ಭೂಲಿಪಿಯಿತ್ತು. ಬೇವಿನಮರದ ಹೊಲ, ಕೆರೆ ಹಿಂದಿನ ಹೊಲ, ಎರೆಹೊಲ, ಕಲ್ಲುಬಾರೆ ಹೊಲ ಎಂಬಂಥ ಹೆಸರುಗಳಲ್ಲಿ ಮಣ್ಣಿನ ಗುಣ, ನೀರಿನ ಒಲವು, ದಾರಿ, ಗುರುತು ಎಲ್ಲವೂ ಅಡಗಿರುತ್ತವೆ. ಅಳತೆಯೂ ದುಡಿಮೆಯಿಂದ ಹುಟ್ಟಿದ್ದು: ಒಂದು ಕೂರಿಗೆ ಹೊಲವೆಂದರೆ ಒಂದು ದಿನದಲ್ಲಿ ಕೂರಿಗೆಯಿಂದ ಬಿತ್ತಬಹುದಾದಷ್ಟು ನೆಲ, ಖಂಡುಗದ ನೆಲವೆಂದರೆ ಅಷ್ಟು ಬೀಜ ಹಿಡಿಯುವ ನೆಲ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಭೂಮಾಪನ ಆರಂಭವಾದ ಮೇಲೆ ಈ ಹೆಸರುಗಳ ಸ್ಥಾನಕ್ಕೆ ಸರ್ವೆ ನಂಬರು ಬಂದಿತು. 33 ಅಡಿಯ ಸರಪಳಿಯಲ್ಲಿ ನೆಲವನ್ನು ಅಳೆದು, 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ ಎಂದು ಲೆಕ್ಕ ಕಟ್ಟಲಾಯಿತು. ಟಿಪ್ಪಣಿ, ಆಕಾರಬಂದು, ಹಿಸ್ಸೆ, ಖಾತೆ ಮುಂತಾದ ಪದಗಳು ಹಳ್ಳಿಯ ನುಡಿಗೆ ಸೇರಿದವು. ಹೊಲಕ್ಕೆ ಎರಡು ಹೆಸರಾಯಿತು: ಮನೆಯೊಳಗೊಂದು, ಕಚೇರಿಯೊಳಗೊಂದು. ಇಂದಿಗೂ ಈ ಭಾಗದ ಹಿರಿಯ ಬೇಸಾಯಗಾರರು ಹೊಲದ ಹೆಸರನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ಸರ್ವೆ ನಂಬರಿಗಾಗಿ ಪೆಟ್ಟಿಗೆ ತೆಗೆದು ಕಾಗದ ಹುಡುಕುತ್ತಾರೆ.

'ಪಹಣಿ' ಎಂಬ ಪದದ ಇತಿಹಾಸವೂ ಇಲ್ಲಿ ಪ್ರಸ್ತುತ. ಮರಾಠಿಯಿಂದ ಬಂದ ಈ ಪದದ ಮೂಲಾರ್ಥ 'ನೋಡುವಿಕೆ'. ಹೊಲಕ್ಕೆ ಹೋಗಿ, ಕಣ್ಣಾರೆ ಕಂಡು, ಏನು ಬೆಳೆದಿದೆ, ಯಾರು ಉಳುತ್ತಿದ್ದಾರೆ ಎಂಬುದನ್ನು ಬರೆದುಕೊಳ್ಳುವ ಕೆಲಸವೇ ಪಹಣಿ. ಕ್ರಮೇಣ ಕ್ರಿಯೆಯ ಹೆಸರು ಕಾಗದದ ಹೆಸರಾಯಿತು. ನೋಡುವಿಕೆ ಹಿಂದೆ ಸರಿದು, ನೋಡಿದ್ದರ ದಾಖಲೆ ಮುಂದೆ ನಿಂತಿತು.

4. 'ಭೂಮಿ' ಯೋಜನೆ ಮತ್ತು ಎರಡನೆಯ ಪರದೆ

1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಶಾನುಭೋಗಿಕೆ ಕೊನೆಗೊಂಡಿತು. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಜಾತಿಯ ಕಟ್ಟಿನಿಂದ ಬರಹವು ಬಿಡುಗಡೆಯಾದುದು ಚಿಕ್ಕ ಸಂಗತಿಯಲ್ಲ. ಆದರೆ ದಾಖಲೆಯ ಕಟ್ಟು ಹಿಂದಿನಂತೆ ಒಬ್ಬನ ಬಗಲಲ್ಲಿಯೇ ಉಳಿಯಿತು. ಮೂರು ನಾಲ್ಕು ಹಳ್ಳಿಗಳ ಪಹಣಿ ಪುಸ್ತಕ ಗ್ರಾಮಲೆಕ್ಕಿಗನ ವಶದಲ್ಲಿರುತ್ತಿತ್ತು. ಅವನು ಸಿಕ್ಕ ದಿನವೇ ಪಹಣಿ, ಅವನು ಬರೆದದ್ದೇ ಪಹಣಿ ಎಂಬಂತಾಗಿತ್ತು. ನಕಲಿಗಾಗಿ ಕೈ ಬೆಚ್ಚಗೆ ಮಾಡುವ ಪರಿಪಾಠವೂ ಬೆಳೆದಿತ್ತು.

ಈ ಹಿನ್ನೆಲೆಯಲ್ಲಿ 2001ರಲ್ಲಿ ಆರಂಭವಾದ 'ಭೂಮಿ' ಯೋಜನೆಯನ್ನು ಅರ್ಥಮಾಡಿಕೊಳ್ಳಬೇಕು. ಕೇಂದ್ರದ ನೆರವಿನಿಂದ 1988-89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಭೂದಾಖಲೆಗಳ ಗಣಕೀಕರಣದ ಪ್ರಯೋಗ ನಡೆದಿತ್ತು. ಹತ್ತು ವರ್ಷಗಳ ನಂತರ ಎಸ್.ಎಂ. ಕೃಷ್ಣ ಅವರ ಸರ್ಕಾರದ ಅವಧಿಯಲ್ಲಿ, ರಾಜೀವ್ ಚಾವ್ಲಾ ಅವರ ಆಡಳಿತಾತ್ಮಕ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಡನೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಇದು ವಿಸ್ತರಿಸಿತು. ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. 15 ರೂಪಾಯಿ ಕೊಟ್ಟವರಿಗೆಲ್ಲ ಮುದ್ರಿತ ಪಹಣಿ ದೊರೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕೆಂಬ ಕಟ್ಟಳೆಯನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಮೌಲ್ಯಮಾಪನವು ಪಹಣಿ ಪಡೆಯುವಲ್ಲಿ ಲಂಚದ ಹಾವಳಿ ಬಹಳಮಟ್ಟಿಗೆ ತಗ್ಗಿದ್ದನ್ನು ಗುರುತಿಸಿತು. ಇದು ಜನಸಾಮಾನ್ಯರಿಗೆ ದೊರೆತ ನಿಜವಾದ ಲಾಭ, ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಬಿಳಿಚೋಡು ಹೋಬಳಿಯ ಹಳ್ಳಿಗಳ ನೆಲೆಯಲ್ಲಿ ನಿಂತು ನೋಡಿದರೆ ಚಿತ್ರದ ಇನ್ನೊಂದು ಮಗ್ಗುಲು ಕಾಣುತ್ತದೆ. ಭೂಮಿ ಕೇಂದ್ರವಿದ್ದುದು ತಾಲ್ಲೂಕು ಕಚೇರಿಯಲ್ಲಿ, ಅಂದರೆ ಜಗಳೂರಿನಲ್ಲಿ. ಹಿಂದೆ ಊರ ಚಾವಡಿಗೋ ಪಕ್ಕದ ಊರಿಗೋ ಹೋಗಿ ಕಾಯುತ್ತಿದ್ದವನು ಈಗ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾಯಿತು. ದಾಖಲೆ ಬರೆಯುವವನಿಗೂ ಅವನಿಗೂ ಇದ್ದ ಮುಖಪರಿಚಯ ಇಲ್ಲವಾಯಿತು. ಮುಖಪರಿಚಯವು ಶೋಷಣೆಯ ದಾರಿಯಾಗಿದ್ದಂತೆಯೇ ಜಗಳವಾಡುವ, ಬೇಡಿಕೊಳ್ಳುವ, ಊರ ಹಿರಿಯರನ್ನು ಕರೆತಂದು ಒತ್ತಾಯಿಸುವ ದಾರಿಯೂ ಆಗಿತ್ತೆಂಬುದನ್ನು ಮರೆಯಬಾರದು.

ಭೂಮಿ ಕೇಂದ್ರಗಳ ವಿನ್ಯಾಸದಲ್ಲಿ ಒಂದು ಒಳ್ಳೆಯ ಕ್ರಮವಿತ್ತು. ಕೆಲಸ ಮಾಡುವ ನೌಕರನ ಮುಂದೆ ಒಂದು ಪರದೆಯಿದ್ದರೆ, ಸಾಲಿನಲ್ಲಿ ನಿಂತ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇರಿಸಲಾಗಿತ್ತು. ಒಳಗೆ ನಡೆಯುವುದೆಲ್ಲ ಹೊರಗಿನವನಿಗೂ ಕಾಣಲಿ ಎಂಬುದು ಅದರ ಉದ್ದೇಶ. ಪಹಣಿಯ ಮೂಲಾರ್ಥವಾದ 'ನೋಡುವಿಕೆ' ಇಲ್ಲಿ ಮರಳಿ ಬಂದಂತೆ ತೋರುತ್ತದೆ. ಆದರೆ ಈಗ ನೋಡಬೇಕಾದದ್ದು ಹೊಲವನ್ನಲ್ಲ, ಅಕ್ಷರವನ್ನು. ಓದಲು ಬಾರದವನಿಗೆ ಎರಡನೆಯ ಪರದೆಯು ಬೆಳಗುವ ಗಾಜು ಮಾತ್ರ. ಓದುಬರಹ ಬಲ್ಲವನಿಗೂ 3ನೆಯ ಕಾಲಮ್ಮಿನ ವಿಸ್ತೀರ್ಣಕ್ಕೂ 9ನೆಯ ಕಾಲಮ್ಮಿನಲ್ಲಿ ಹೆಸರುಗಳ ಮುಂದೆ ಬರೆದ ವಿಸ್ತೀರ್ಣಗಳ ಮೊತ್ತಕ್ಕೂ ತಾಳೆಯಾಗಬೇಕೆಂಬುದು ತಿಳಿದಿರುವುದಿಲ್ಲ. ತಾಳೆಯಾಗದಿದ್ದರೆ ಮಾರುವ, ಪಾಲು ಮಾಡಿಕೊಳ್ಳುವ ಹೊತ್ತಿಗೆ ತೊಡಕು ಏಳುತ್ತದೆ. ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಸಾಗಿಸುವಾಗ ಉಳಿದುಕೊಂಡ ತಪ್ಪುಗಳು ಹೀಗೆ ವರ್ಷಗಳ ಮೇಲೆ ಬೆಳಕಿಗೆ ಬಂದವು. 'ಕಾಲಂ 3-9' ಎಂಬುದು ಕಂದಾಯ ಇಲಾಖೆಯಲ್ಲಿ ಒಂದು ರೋಗದ ಹೆಸರಿನಂತೆ ಬಳಕೆಗೆ ಬಂದಿದೆ. ಬಳಪದ ಬರಹವನ್ನು ಶಾನುಭೋಗ ಅಳಿಸಿ ಬರೆಯಬಲ್ಲವನಾಗಿದ್ದ. ಮುದ್ರಿತ ತಪ್ಪನ್ನು ತಿದ್ದಿಸಲು ಅರ್ಜಿ, ಆದೇಶ, ಸರದಿಗಳ ಸರಣಿಯೇ ಬೇಕು.

ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಭೂಮಿ ಯೋಜನೆಯನ್ನು ಬೆಂಗಳೂರಿನ ಭೂಮಾರುಕಟ್ಟೆಯ ಸಂದರ್ಭದಲ್ಲಿ ಪರಿಶೀಲಿಸಿ, ದಾಖಲೆಗಳ ಕೇಂದ್ರೀಕರಣದಿಂದ ದೊಡ್ಡ ಹೂಡಿಕೆದಾರರಿಗೆ ಅನುಕೂಲವಾದ ಬಗೆಯನ್ನು ಚರ್ಚಿಸಿತು. ಬಿಳಿಚೋಡಿನ ಒಣಭೂಮಿಗೆ ಬೆಂಗಳೂರಿನ ಬೆಲೆಯಿಲ್ಲ. ಆದರೆ ಆ ಅಧ್ಯಯನದ ಒಳಗಿನ ತರ್ಕ ಇಲ್ಲಿಗೂ ಸಲ್ಲುತ್ತದೆ: ಎಲ್ಲರಿಗೂ ಸಮಾನವಾಗಿ ತೆರೆದಿಟ್ಟ ದಾಖಲೆಯಿಂದ ಹೆಚ್ಚು ಲಾಭ ಪಡೆಯುವವನು ಅದನ್ನು ಓದಬಲ್ಲವನು.

5. ಹೋಬಳಿಗೆ ಮರಳಿದ ಕಚೇರಿ, ಹೊಸ ಮಧ್ಯವರ್ತಿ

ದೂರದ ಸಮಸ್ಯೆಯನ್ನು ಸರ್ಕಾರ ಗುರುತಿಸದೆ ಇರಲಿಲ್ಲ. 2006ರಿಂದ ಖಾಸಗಿ ಸಹಭಾಗಿತ್ವದಲ್ಲಿ 'ನೆಮ್ಮದಿ' ಹೆಸರಿನ ಸುಮಾರು 800 ಕೇಂದ್ರಗಳು ರಾಜ್ಯದ ಹೋಬಳಿಗಳಲ್ಲಿ ತೆರೆದವು. ಮುಂದೆ 2012ರಲ್ಲಿ ಅವುಗಳ ಜಾಗಕ್ಕೆ ಸರ್ಕಾರವೇ ನಡೆಸುವ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ಅದೇ ವರ್ಷದ ಏಪ್ರಿಲಿನಲ್ಲಿ 'ಸಕಾಲ' ಜಾರಿಯಾಗಿ ಸೇವೆಗಳಿಗೆ ಕಾಲಮಿತಿ ನಿಗದಿಯಾಯಿತು. 2022ರ ಜನವರಿಯಿಂದ 'ಗ್ರಾಮ ಒನ್' ಕೇಂದ್ರಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ವಿಸ್ತರಿಸಿದವು. ಈ ನಡುವೆ 2016ರ ನಂತರ ಅಗ್ಗದ ದರದ ಅಂತರ್ಜಾಲದಿಂದಾಗಿ ಮೊಬೈಲು ಹೊಲದ ಬದುವನ್ನೂ ತಲುಪಿತು. ಜಗಳೂರಿನಲ್ಲಿದ್ದ ದಾಖಲೆ ಬಿಳಿಚೋಡಿಗೆ, ಬಿಳಿಚೋಡಿನಿಂದ ಊರಿಗೆ, ಊರಿನಿಂದ ಅಂಗೈಗೆ ಬಂದಿತೆಂದು ಹೇಳಬಹುದು.

ಮೈಲಿಯ ಲೆಕ್ಕದಲ್ಲಿ ಇದು ದೊಡ್ಡ ಸಾಧನೆ. ಅರಿವಿನ ಲೆಕ್ಕದಲ್ಲಿ ಅಂತರ ಅಷ್ಟಾಗಿ ಕುಗ್ಗಿಲ್ಲ. ಅಂತರ್ಜಾಲದಲ್ಲಿ ಪಹಣಿ ನೋಡಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಆರಿಸಿದ ಮೇಲೆ 'ಸರ್ನೋಕ್' ಎಂಬ ಪೆಟ್ಟಿಗೆಯೊಂದು ಎದುರಾಗುತ್ತದೆ. ಸಾಮಾನ್ಯವಾಗಿ ಅಲ್ಲಿ ನಕ್ಷತ್ರದ ಚಿಹ್ನೆಯೊಂದನ್ನು ಆರಿಸಬೇಕು. ಸರ್ನೋಕ್ ಎಂದರೇನೆಂದು ಕೇಳಿದರೆ ಕಂಪ್ಯೂಟರ್ ಅಂಗಡಿಯ ಹುಡುಗರಿಗೂ ತಿಳಿಯದಿರಬಹುದು. ಆದರೆ ಅಲ್ಲಿ ನಕ್ಷತ್ರವನ್ನು ಒತ್ತಬೇಕೆಂಬುದು ಅವರಿಗೆ ಗೊತ್ತು. ಮೋಡಿ ಬರಹಕ್ಕೂ ಈ ನಕ್ಷತ್ರಕ್ಕೂ ವೃತ್ತಿರಹಸ್ಯದ ದೃಷ್ಟಿಯಿಂದ ಹೆಚ್ಚು ವ್ಯತ್ಯಾಸವಿಲ್ಲ. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆ ಈ ಕಾಲಕ್ಕೂ ಒಪ್ಪುವುದು ಹೀಗೆ. ಗ್ರಾಮಲೆಕ್ಕಿಗನ ಸುತ್ತಲಿದ್ದ ಮಧ್ಯವರ್ತಿ ಮರೆಯಾದ ಎಡೆಯಲ್ಲಿ, ಯಂತ್ರದ ದಾರಿ ಬಲ್ಲ ಇನ್ನೊಬ್ಬ ಮಧ್ಯವರ್ತಿ ನಿಂತಿದ್ದಾನೆ. ಇವನು ಊರಿನವನೇ ಆದ ತರುಣ. ಅನೇಕ ವೇಳೆ ಉಪಕಾರಿ. ಆದರೆ ಅವನು ತುಂಬಿದ ಅರ್ಜಿಯಲ್ಲಿ ಏನಿದೆಯೆಂದು ಅರ್ಜಿದಾರನಿಗೆ ತಿಳಿಯದು.

2020ರ ಮುಂಗಾರಿನಲ್ಲಿ 'ನನ್ನ ಬೆಳೆ ನನ್ನ ಹಕ್ಕು' ಎಂಬ ಘೋಷಣೆಯೊಡನೆ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಚಿತ್ರ ತೆಗೆದು ದಾಖಲಿಸುವ ಸಮೀಕ್ಷೆ ಆರಂಭವಾಯಿತು. ದಾಖಲೆಯ ಲೇಖನಿಯನ್ನು ಮೊದಲ ಬಾರಿಗೆ ಉಳುವವನ ಕೈಗೆ ಕೊಟ್ಟ ಕ್ರಮವಿದು, ಚಾರಿತ್ರಿಕವಾಗಿ ಮಹತ್ವದ್ದು. ಆದರೆ ಸ್ಮಾರ್ಟ್‌ಫೋನಿಲ್ಲದವರ, ಇದ್ದರೂ ಆ್ಯಪ್ ಬಳಸಲಾರದವರ ಹೊಲಗಳ ಸಮೀಕ್ಷೆಯನ್ನು 'ಖಾಸಗಿ ನಿವಾಸಿ' ಎಂಬ ಹೆಸರಿನಲ್ಲಿ ನೇಮಕಗೊಂಡ ಊರಿನ ಯುವಕರು ಮಾಡಬೇಕಾಯಿತು. ಲೇಖನಿ ಕೈಗೆ ಬಂದರೂ ಬರೆಯುವವನು ಬೇರೆಯವನೇ ಆದ.

ಇದರಿಂದ ಏನು ನಷ್ಟ ಎಂಬ ಪ್ರಶ್ನೆಗೆ 2023ರ ಬರ ಉತ್ತರ ಕೊಡುತ್ತದೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪರಿಹಾರದ ಹಣವು 'ಫ್ರೂಟ್ಸ್' ತಂತ್ರಾಂಶದಲ್ಲಿನ ರೈತನ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿಯ ಆಧಾರದ ಮೇಲೆ ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುವ ವ್ಯವಸ್ಥೆಯಾಯಿತು. ನಡುವಿನ ಕೈಗಳು ತಪ್ಪಿದವು. ಆದರೆ ಎಫ್‌ಐಡಿಯಲ್ಲಿ ಯಾವ ಸರ್ವೆ ನಂಬರುಗಳು ಸೇರಿವೆಯೋ ಅವುಗಳಿಗೆ ಮಾತ್ರ ಪರಿಹಾರ. ನಾಲ್ಕು ತುಂಡು ಹೊಲವಿದ್ದು ಎರಡನ್ನೇ ಸೇರಿಸಿದ್ದರೆ ಉಳಿದೆರಡರ ಬೆಳೆ ಒಣಗಿಯೂ ಲೆಕ್ಕಕ್ಕೆ ಬಾರದು. ಪೌತಿ ಖಾತೆಯಾಗದೆ, ಸತ್ತ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಉಳುವ ಮೊಮ್ಮಗನು ಯಂತ್ರದ ದೃಷ್ಟಿಯಲ್ಲಿ ಹೊಲವೇ ಇಲ್ಲದವನು. 'ತಿಪ್ಪೇಸ್ವಾಮಿ ಬಿನ್ ಓಬಯ್ಯ' ಎಂದು ಪಹಣಿಯಲ್ಲಿ ಕನ್ನಡದಲ್ಲಿರುವ ಹೆಸರು ಆಧಾರ್ ಚೀಟಿಯಲ್ಲಿ ಇಂಗ್ಲಿಷ್ ಕಾಗುಣಿತದ ಇನ್ನಾವುದೋ ರೂಪದಲ್ಲಿರಬಹುದು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಒಂದು ಹೆಸರಿನಿಂದ ಬದುಕುವುದು ಮೌಖಿಕ ಸಮಾಜದ ಸಹಜ ರೂಢಿ. ಯಂತ್ರಕ್ಕೆ ಅದು ಮೂವರು ವ್ಯಕ್ತಿಗಳು.

6. ಹೆಬ್ಬೆಟ್ಟಿನ ಪಲ್ಲಟ

ಈ ಚರಿತ್ರೆಯಲ್ಲಿ ಅತ್ಯಂತ ಅರ್ಥಪೂರ್ಣವಾದ ಸಂಕೇತವೆಂದರೆ ಹೆಬ್ಬೆಟ್ಟು. ಕನ್ನಡದಲ್ಲಿ 'ಅವನು ಹೆಬ್ಬೆಟ್ಟು' ಎಂದರೆ ಅಕ್ಷರವಿಲ್ಲದವನು ಎಂದರ್ಥ. ಸಾಲಪತ್ರದ ಕೆಳಗೆ ಒತ್ತಿದ ಎಡಗೈ ಹೆಬ್ಬೆಟ್ಟಿನ ಗುರುತು ತಲೆಮಾರುಗಳ ಅವಮಾನದ, ಎಷ್ಟೋ ವೇಳೆ ವಂಚನೆಯ ಚಿಹ್ನೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಗಿ ಮುಂದಿನ ದಶಕದಲ್ಲಿ ನಡೆದ ಆಂದೋಲನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡುವುದನ್ನು ಕಲಿಯುವುದೇ ಸ್ವಾಭಿಮಾನದ ಮೊದಲ ಹೆಜ್ಜೆಯೆಂದು ಸಾರಲಾಯಿತು. ನಡುವಯಸ್ಸಿನ ಹೆಂಗಸರು ಸ್ಲೇಟು ಹಿಡಿದು ತಮ್ಮ ಹೆಸರು ಬರೆಯುವುದನ್ನು ಕಲಿತರು.

ಭೂಮಿ ಯೋಜನೆಯಲ್ಲಿ ನೌಕರರು ಯಂತ್ರವನ್ನು ತೆರೆಯಲು ಬೆರಳಚ್ಚನ್ನು ಕೊಡಬೇಕಾಗಿತ್ತು. ಅಕ್ಷರವಿಲ್ಲದವನ ಗುರುತಾಗಿದ್ದ ಬೆರಳು ಅಧಿಕಾರದ ಬೀಗದ ಕೈಯಾಯಿತು. 2009ರಲ್ಲಿ ಗುರುತಿನ ಪ್ರಾಧಿಕಾರ ಸ್ಥಾಪನೆಯಾಗಿ ಆಧಾರ್ ಬಂದ ಮೇಲೆ ಬೆರಳು ಎಲ್ಲರ ಗುರುತಾಯಿತು. ಸಹಿ ಕಲಿತ ಹೆಂಗಸು ನ್ಯಾಯಬೆಲೆ ಅಂಗಡಿಯಲ್ಲಿ ಮತ್ತೆ ಹೆಬ್ಬೆಟ್ಟನ್ನೇ ಕೊಡಬೇಕಾಯಿತು. ಈ ಭಾಗದ ಆಡುಮಾತಿನಲ್ಲಿ ಅದನ್ನು 'ತಂಬು ಕೊಡೋದು' ಎನ್ನುತ್ತಾರೆ. ಹೆಬ್ಬೆಟ್ಟು ಎಂಬ ಪದಕ್ಕೆ ಅಂಟಿದ ಹಳೆಯ ಕಳಂಕದಿಂದ ಪಾರಾಗಲೆಂದೋ ಏನೋ ಇಂಗ್ಲಿಷಿನ ಪದ ಬಳಕೆಗೆ ಬಂದಿದೆ. ಇನ್ನೊಂದು ವಿಪರ್ಯಾಸವೂ ಉಂಟು. ಕಳೆ ತೆಗೆದು, ಕಲ್ಲು ಹೊತ್ತು, ಶೇಂಗಾ ಕಿತ್ತು ಸವೆದ ಬೆರಳಿನ ಗೆರೆಗಳನ್ನು ಯಂತ್ರ ಅನೇಕ ವೇಳೆ ಗುರುತಿಸುವುದಿಲ್ಲ. ಹೆಚ್ಚು ದುಡಿದ ಬೆರಳು ಹೆಚ್ಚು ಬಾರಿ ತಿರಸ್ಕೃತವಾಗುತ್ತದೆ. ಆಗ ಮೊಬೈಲಿಗೆ ಬರುವ ಒಟಿಪಿಯೇ ಗತಿ. ಆ ಮೊಬೈಲು ಅನೇಕ ಮನೆಗಳಲ್ಲಿ ದುಡಿಮೆಗೆಂದು ಪಟ್ಟಣಕ್ಕೆ ಹೋದ ಮಗನ ಜೇಬಿನಲ್ಲಿರುತ್ತದೆ.

7. ಮೌಖಿಕತೆಯ ಬಲ

ಇಷ್ಟರಿಂದ ಗ್ರಾಮೀಣರು ಯಂತ್ರಕ್ಕೆ ಒಗ್ಗದವರು ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಅಪಾರ ಹಾಡುಸಂಪತ್ತನ್ನು ಕೃಷ್ಣಮೂರ್ತಿ ಹನೂರು ಅವರು ದಾಖಲಿಸಿದ ಮೇಲೆ, ಅಕ್ಷರವಿಲ್ಲದಿರುವುದಕ್ಕೂ ಅರಿವಿಲ್ಲದಿರುವುದಕ್ಕೂ ಇರುವ ಅಂತರವನ್ನು ಕನ್ನಡದ ವಿದ್ವಾಂಸರಿಗೆ ಮತ್ತೆ ವಿವರಿಸಬೇಕಾಗಿಲ್ಲ. ವಾಲ್ಟರ್ ಆಂಗ್ 1982ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿದ್ಯುನ್ಮಾನ ಮಾಧ್ಯಮಗಳಿಂದ ಹುಟ್ಟುವ 'ದ್ವಿತೀಯ ಮೌಖಿಕತೆ'ಯನ್ನು ಕುರಿತು ಹೇಳಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಅದು ಕಣ್ಣೆದುರಿನ ಸತ್ಯ. ಅರ್ಜಿ ತುಂಬಲಾರದ ಮುದುಕಿ ಧ್ವನಿಸಂದೇಶ ಕಳಿಸುತ್ತಾಳೆ. ಭಜನೆಯ ತಂಡದವರು ತಮ್ಮ ಹಾಡನ್ನು ಮುದ್ರಿಸಿ ನಂಟರಿಗೆ ಹಂಚುತ್ತಾರೆ. ಯಂತ್ರವು ದನಿಗೆ ಓಗೊಟ್ಟ ಕಡೆಯಲ್ಲೆಲ್ಲ ಜನ ಅದನ್ನು ಬೇಗ ತಮ್ಮದಾಗಿಸಿಕೊಂಡಿದ್ದಾರೆ. ಅದು ಕಾಲಮ್ಮು, ಸಂಕೇತ, ಪರಭಾಷೆಯ ಕಾಗುಣಿತವನ್ನು ಕೇಳಿದ ಕಡೆ ಹಿಂಜರಿದಿದ್ದಾರೆ.

ಕನ್ನಡದ ಬಲ್ಲವರು ಈ ದಿಕ್ಕಿನಲ್ಲಿ ದುಡಿದಿದ್ದಾರೆ ಎಂಬುದನ್ನು ಸ್ಮರಿಸಬೇಕು. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಇವು ಬರೆಯುವ ಕನ್ನಡಿಗರಿಗೆ ಯಂತ್ರವನ್ನು ತೆರೆದುಕೊಟ್ಟವು. ಮಾತಾಡುವ ಕನ್ನಡಿಗರಿಗಾಗಿ ಇಂಥ ಕೆಲಸ ಆಡಳಿತದ ಕ್ಷೇತ್ರದಲ್ಲಿ ಇನ್ನೂ ಸಾಕಷ್ಟು ಆಗಬೇಕಾಗಿದೆ.

ಜನರ ಮಾತಿನಲ್ಲಿ ಯಂತ್ರದ ಬಗೆಗಿನ ಕಲ್ಪನೆಯೂ ರೂಪುಗೊಂಡಿದೆ. 'ಸರ್ವರ್ ಇಲ್ಲ', 'ಇವತ್ತು ಸರ್ವರ್ ಬರಲಿಲ್ಲ' ಎನ್ನುವಾಗಿನ ವಾಕ್ಯರಚನೆ 'ಮಳೆ ಇಲ್ಲ', 'ಮಳೆ ಬರಲಿಲ್ಲ' ಎಂಬುದರ ಪಡಿಯಚ್ಚು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗಾಗಿ ಸಾಲುಗಟ್ಟಿದ ಮಹಿಳೆಯರು ರಾಜ್ಯದಾದ್ಯಂತ ಆಡಿದ ಮಾತೂ ಇದೇ. ಬಯಲುಸೀಮೆಯ ಕೃಷಿಕರು ಕಾಯುವುದನ್ನು ಬಲ್ಲವರು. ಬರುವುದೂ ಬಾರದಿರುವುದೂ ತಮ್ಮ ಕೈಯಲ್ಲಿಲ್ಲದ ಶಕ್ತಿಗಳ ಸಾಲಿಗೆ ಸರ್ವರನ್ನೂ ಸೇರಿಸಿದ್ದಾರೆ. ಆದರೆ ಮಳೆಗೆ ಹೊಣೆಗಾರರಿಲ್ಲ, ಸರ್ವರಿಗೆ ಇದ್ದಾರೆ. ಈ ವ್ಯತ್ಯಾಸವನ್ನು ಮರೆಸುವುದೇ ಅರಿವಿನ ಅಂತರದ ಅತ್ಯಂತ ಸೂಕ್ಷ್ಮ ಪರಿಣಾಮವೆನ್ನಬಹುದು.

8. ಸಮಾರೋಪ

ಮೇಲಿನ ಅವಲೋಕನದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಡತ, ಕೈಬರಹದ ಪಹಣಿ, ಕಂಪ್ಯೂಟರು, ಮೊಬೈಲು ಈ ನಾಲ್ಕು ಘಟ್ಟಗಳಲ್ಲಿ ದಾಖಲೆ ಜನರಿಗೆ ಹತ್ತಿರವಾಗುತ್ತ ಬಂದಿದೆ. ಆದರೆ ದಾಖಲೆಯನ್ನು ಪ್ರಶ್ನಿಸುವ ಶಕ್ತಿ ಅದೇ ಪ್ರಮಾಣದಲ್ಲಿ ಜನರಿಗೆ ದಕ್ಕಿಲ್ಲ. ಬಲ್ಲವನಿಗೂ ಬಳಸುವವನಿಗೂ ಇರುವ ನಿಜವಾದ ಅಂತರವು ಗುಂಡಿ ಒತ್ತುವ ಚಾತುರ್ಯದಲ್ಲಿಲ್ಲ. 'ಇದು ತಪ್ಪು' ಎಂದು ಹೇಳಿ ತಿದ್ದಿಸಬಲ್ಲ ಸಾಮರ್ಥ್ಯದಲ್ಲಿದೆ.

ಈ ಸಾಮರ್ಥ್ಯವನ್ನು ಬೆಳೆಸುವ ದಾರಿಗಳು ನಮ್ಮ ಪರಂಪರೆಯಲ್ಲಿ ಇಲ್ಲದಿಲ್ಲ. ಜಮಾಬಂದಿಯಲ್ಲಿ ಊರ ಲೆಕ್ಕವನ್ನು ಜನರೆದುರು ಪರಿಶೀಲಿಸುವ ಪದ್ಧತಿಯಿತ್ತು. 1964ರ ಭೂಕಂದಾಯ ಕಾಯ್ದೆಯು ಹಕ್ಕು ಬದಲಾವಣೆಯ ನಮೂದನ್ನು ಊರ ಚಾವಡಿಯಲ್ಲಿ ಪ್ರಕಟಿಸಿ ತಕರಾರಿಗೆ ಅವಕಾಶ ಕೊಡಬೇಕೆಂದು ವಿಧಿಸಿತು. ಕುಳವಾಡಿಯು ಎಲ್ಲೆಯನ್ನು ನಡೆದದ್ದು ಊರೆಲ್ಲ ನೋಡುತ್ತಿರುವಾಗ. ದಾಖಲೆಯ ಸತ್ಯವನ್ನು ಸಮುದಾಯದ ಎದುರು ಪರೀಕ್ಷೆಗೆ ಒಡ್ಡುವುದು ಈ ಮೂರರ ಸಮಾನ ಅಂಶ. ಜಾತಿಯ ಭಾರವನ್ನೂ ಶಾಪದ ಭಯವನ್ನೂ ಕಳಚಿ ಈ ಅಂಶವನ್ನು ಮಾತ್ರ ಮರಳಿ ಪಡೆಯಲು ಸಾಧ್ಯ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಊರಿನ ಪಹಣಿಗಳನ್ನೂ ಬೆಳೆ ಸಮೀಕ್ಷೆಯ ನಮೂದುಗಳನ್ನೂ ಎಫ್‌ಐಡಿಗೆ ಸೇರಿದ ಸರ್ವೆ ನಂಬರುಗಳನ್ನೂ ಗಟ್ಟಿಯಾಗಿ ಓದಿಸಬಹುದು. ಸರ್ವೆ ನಂಬರಿನ ಮಗ್ಗುಲಲ್ಲಿ ಹೊಲದ ರೂಢಿಯ ಹೆಸರನ್ನು ದಾಖಲಿಸುವ ಒಂದು ಅಂಕಣವನ್ನು ತಂತ್ರಾಂಶದಲ್ಲಿ ಸೇರಿಸಬಹುದು. ಅದರಿಂದ ಕೃಷಿಕನಿಗೆ ತನ್ನ ಹೊಲ ಗುರುತಾಗುತ್ತದೆ. ಅಳಿಯುತ್ತಿರುವ ಸ್ಥಳನಾಮಗಳ ಸಂಪತ್ತೂ ಉಳಿಯುತ್ತದೆ. ಹೋಬಳಿ ಕೇಂದ್ರದ ಪರದೆಯು ತಾನು ತೋರಿಸುವುದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಮಾಡುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟದ ಕೆಲಸವಲ್ಲ.

ಜಾನಪದ ವಿದ್ವಾಂಸರಿಗೂ ಇಲ್ಲಿ ಕರ್ತವ್ಯವಿದೆ. ಹಾಡು, ಕಥೆ, ಒಗಟುಗಳನ್ನು ಸಂಗ್ರಹಿಸಿದ ನಾವು ಹೊಲದ ಹೆಸರುಗಳನ್ನು, ಎಲ್ಲೆಯ ನೆನಪುಗಳನ್ನು, ಅಳತೆಯ ನುಡಿಗಟ್ಟುಗಳನ್ನು ಇನ್ನೂ ಊರೂರಿನ ಮಟ್ಟದಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಬೇಕಾಗಿದೆ. ಬಿಳಿಚೋಡು ಹೋಬಳಿಯ ಒಂದೊಂದು ಗ್ರಾಮದ ಸರ್ವೆ ನಕ್ಷೆಯ ಮೇಲೆ ಅಲ್ಲಿನ ಹಿರಿಯರು ಹೇಳುವ ಹೊಲದ ಹೆಸರುಗಳನ್ನು ಬರೆಯುತ್ತ ಹೋದರೆ, ಬಲ್ಲವರ ಅಂಕೆಗೂ ಬಳಸುವವರ ಅರಿವಿಗೂ ಒಂದೇ ಹಾಳೆಯಲ್ಲಿ ಎಡೆ ದೊರೆತಂತಾಗುತ್ತದೆ. ಆ ಹೆಸರುಗಳನ್ನು ಬಲ್ಲ ತಲೆಮಾರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.